ಎತ್ತು ಇಳಿದರೆ ದೊರೆ ಏರುತ್ತಾನೆ

ನಮ್ಮ ಸೀಮೆಗೆ ಮಳೆ ಕೈಕೊಟ್ಟರೂ ಕೊಟ್ಟೀತು, ಬೆರಗು ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ದಾರಿಯಲ್ಲಿ ಕೊಂಡ್ಲಹಳ್ಳಿ ದಾಟಿ ಒಂದಿಷ್ಟು ಒಳಕ್ಕೆ ಹೋದರೆ ನಮ್ಮೂರು. ಬೋಳುಗುಡ್ಡ, ಬಂಡೆ, ಜೋಳದ ಹೊಲ. ಇಲ್ಲೇನೈತೆ ನೋಡೋಕೆ ಅಂತ ದಾರಿಹೋಕರು ತಲೆ ಕೂಡ ತಿರುಗಿಸಲ್ಲ. ಅವರಿಗೇನು ಗೊತ್ತು! ನಾನು ಕಂಡದ್ದನ್ನು ಹೇಳಿದರೆ ಈಗಿನ ಹುಡುಗರು "ತಾತ, ಬುರುಡೆ ಬಿಡಬ್ಯಾಡ" ಅಂತಾರೆ. ಬಿಡ್ತಿಲ್ಲ ಕಣ್ರೋ. ಆ ಮೊದಲನೇ ದೊಡ್ಡ ಯುದ್ಧ ಶುರುವಾಗೋಕೆ ಕೆಲವು ವರ್ಷ ಮುಂಚೆ ನನ್ನ ಈ ಎರಡು ಕಣ್ಣೆದುರಿಗೇ ನಡೆದದ್ದು ಇದೆಲ್ಲ.

ಆಗ ನಾನು ಮೀಸೆ ಚಿಗುರಿದ ಪ್ರಾಯದವನು. ಕಲ್ಲು ಪರೀಕ್ಷೆ ಮಾಡೋಕೆ ಬಂದ ಒಬ್ಬ ದೊರೆಯ ಹತ್ತಿರ ಜವಾನನಾಗಿದ್ದೆ. ದೊರೆ ಅಂದರೆ ಇಂಗ್ಲಿಷಿನವನಲ್ಲ, ಇನ್ನಾವುದೋ ಬೆಟ್ಟದ ದೇಶದವನು. ದಿನಾ ಸಣ್ಣ ಸುತ್ತಿಗೆ ಹಿಡಿದು ಗುಡ್ಡ ಸುತ್ತೋದು, ಕಲ್ಲು ಒಡೆಯೋದು, ಒಮ್ಮೊಮ್ಮೆ ನಾಲಿಗೆ ಹಚ್ಚಿ ನೋಡೋದು, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕೋದು. ಬಳ್ಳಾರಿ ಕಡೆ ಬಹಳ ಕಾಲ ಇದ್ದು ತೆಲುಗು ಕಲಿತಿದ್ದ. ಅದಕ್ಕೆ ಕನ್ನಡ ಕಲಸಿ ಮಾತಾಡೋನು. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾತಾಡೋದರಿಂದ ಯಾರಿಗೂ ತೊಂದರೆ ಆಗಲಿಲ್ಲ.

ಮೂಗೆತ್ತಿದ ಹಲಗೆ

ದೊರೆ ನಮ್ಮೂರಿಗೆ ಡೇರೆ ತಂದ ದಿನ ಗಾಡಿಯಿಂದ ಸಾಮಾನು ಇಳಿಸ್ತಾ ಇದ್ದೆ. ಮಂಚ ಬಂತು, ಕುರ್ಚಿ ಬಂತು, ಆಮೇಲೆ ಗೋಣಿತಾಟಿನಲ್ಲಿ ಸುತ್ತಿದ್ದ ಎರಡು ಉದ್ದನೆ ಹಲಗೆ ಬಂದವು. ಆಳೆತ್ತರಕ್ಕಿಂತ ಉದ್ದ, ಅಂಗೈಯಷ್ಟು ಅಗಲ, ತುದಿಯಲ್ಲಿ ಮೂಗು ಮೇಲಕ್ಕೆ ಎತ್ತಿಕೊಂಡಿದ್ದವು. ನಡುವೆ ಕಾಲು ಸಿಕ್ಕಿಸೋಕೆ ಚರ್ಮದ ಪಟ್ಟಿ.

ಊರೆಲ್ಲ ಸುತ್ತ ನಿಂತಿತು. ಗಾಣದ ಹಲಗೆ ಅಂದ ಒಬ್ಬ. ತೊಟ್ಟಿಲಿನದು ಅಂದಳು ಒಬ್ಬಳು. ನಮ್ಮೂರ ಗೌಡರು ಮುಟ್ಟಿ, ತಟ್ಟಿ, ನಿಟ್ಟುಸಿರು ಬಿಟ್ಟು, "ಪರದೇಶಿ ಪ್ರಾಣಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೊರೋಕೆ ಅಂತ ಚಟ್ಟದ ಬೊಂಬು ತಾನೇ ತಂದವ್ನೆ. ಎಷ್ಟು ಮುಂದಾಲೋಚ್ನೆ ನೋಡ್ರೋ!" ಅಂದರು. ಹೆಂಗಸರು ಲೊಚಗುಟ್ಟಿದರು.

ದೊರೆ ನಕ್ಕು ವಿವರಿಸಿದ. ಅವನ ಊರಲ್ಲಿ ಚಳಿಗಾಲಕ್ಕೆ ಆಕಾಶದಿಂದ ಹಿಮ ಬೀಳುತ್ತಂತೆ. ಹಿಮ ಅಂದರೇನು? ಆಲಿಕಲ್ಲನ್ನು ಬೀಸಿ ಹಿಟ್ಟು ಮಾಡಿ ಊರ ಮೇಲೆ ಸುರಿದ ಹಾಗಂತೆ. ಹೊಲ, ಮನೆ, ಮರ ಎಲ್ಲಾ ಬೆಳ್ಳಗಂತೆ. ಆಗ ಜನ ಈ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಗುಡ್ಡದ ಮೇಲಿಂದ ಸುಯ್ಯಂತ ಜಾರಿ ಬರ್ತಾರಂತೆ.

ನನಗಂತೂ ಮೈ ಜುಮ್ಮಂತು. ಊರಿಗೆ ಊರೇ ಬೆಳ್ಳಗೆ! ಎಲ್ಲರೂ ಕಣ್ಣು ಬಿಟ್ಟುಕೊಂಡು ಆ ಊರನ್ನೇ ನೋಡ್ತಾ ಇದ್ದಾಗ, ಹಿಂದೆ ಕಟ್ಟೆ ಮೇಲೆ ಕೂತಿದ್ದ ನಮ್ಮವ್ವನ ದನಿ ಬಂತು:

"ಅಷ್ಟೊಂದು ಬಿದ್ರೆ ಗುಡಿಸೋರು ಯಾರಪ್ಪಾ? ಪಾಪ, ಆ ಊರಿನ ಸೊಸೇರು!"

ಮರೆತು ಬಂದದ್ದೇನು?

ನಮ್ಮೂರ ಬೆನ್ನಿಗೆ ಒಂದು ದಿಬ್ಬ. ಕಡಿದಾದದ್ದೇನಲ್ಲ, ಮೊರ ಓರೆಯಾಗಿ ಇಟ್ಟ ಹಾಗೆ ಮೆಲ್ಲಗೆ ಏರ್ತಾ ಹೋಗುತ್ತೆ. ತುದಿಯಲ್ಲಿ ಒಂದು ಬೇವಿನ ಮರ, ಪಕ್ಕದಲ್ಲಿ ದಿಬ್ಬದಮ್ಮನ ಗುಡಿ. ದೀಪಾವಳಿ ಕಳೆದ ಮೇಲೆ ದಿಬ್ಬದ ಹುಲ್ಲೆಲ್ಲ ಒಣಗಿ ನೆಲಕ್ಕೆ ಒರಗುತ್ತೆ. ಅದರ ಮೇಲೆ ಕಾಲಿಟ್ಟರೆ ಜರ್ರನೆ ಜಾರುತ್ತೆ. ನಮ್ಮ ದನ ಕಾಯೋರಿಗೆಲ್ಲ ಗೊತ್ತಿದ್ದ ಸಂಗತಿ. ದೊರೆ ಅದರ ಮೇಲೆ ಒಂದು ಸಲ ಜಾರಿ ಬಿದ್ದ. ಬಿದ್ದವನು ಬೈಯಲಿಲ್ಲ. ಹುಲ್ಲನ್ನು ಸವರಿ ನೋಡಿ, "ಹಲಗೆ ತಾ! ಹರಳೆಣ್ಣೆ ತಾ!" ಅಂತ ಕೂಗಿದ.

ಹಲಗೆಯ ಅಡಿಗೆ ಹರಳೆಣ್ಣೆ ಬಳಿದು ಕಾಲಿಗೆ ಕಟ್ಟಿಕೊಂಡು ಗುಡಿಯ ಮುಂದೆ ನಿಂತ. ಒಂದು ಸಲ ಮಂಡಿ ಬಗ್ಗಿಸಿದ. ಅಷ್ಟೇ ನೋಡಿ. ಒಂದು ಹೆಜ್ಜೆ ಎತ್ತಿಡಲಿಲ್ಲ, ಕೈ ಬೀಸಲಿಲ್ಲ, ನಿಂತ ಮನುಷ್ಯ ನಿಂತ ಹಾಗೇ ಇಡೀ ದಿಬ್ಬ ಇಳಿದು ಬಂದುಬಿಟ್ಟ! ಹುಲ್ಲು ಸರ್ರಂತ ಎರಡು ಪಾಲಾಯ್ತು. ಹದ್ದು ರೆಕ್ಕೆ ಆಡಿಸದೆ ತೇಲೋದನ್ನ ನೋಡಿದ್ದೆ, ಮನುಷ್ಯ ಹಾಗೆ ತೇಲೋದನ್ನ ಅವತ್ತೇ ನೋಡಿದ್ದು. ಯಾಕೋ ಕಣ್ಣಲ್ಲಿ ನೀರೇ ಬಂತು.

ಇಳಿದದ್ದಾಯ್ತಲ್ಲ, ಈಗ ಹತ್ತಬೇಕು. ದೊರೆ ಹಲಗೆ ಬಿಚ್ಚಿ ಹೆಗಲ ಮೇಲಿಟ್ಟುಕೊಂಡು, ಏದುಸಿರು ಬಿಡ್ತಾ, ಮುಖ ಕೆಂಪಗೆ ಮಾಡಿಕೊಂಡು ಹತ್ತಿದ. ಮತ್ತೆ ಸರ್ರಂತ ಇಳಿದ. ಮತ್ತೆ ಹತ್ತಿದ. ಮಧ್ಯಾಹ್ನ ಇಡೀ ಇದೇ ಆಯ್ತು. ಸಾಯಂಕಾಲ ಗೌಡರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಕೇಳಿದರು:

"ಲೇ, ಪಾಪ ಅಷ್ಟು ಸಲ ಹತ್ತಿಳಿದ್ನಲ್ಲ. ಮೇಲೆ ಮರೆತು ಬಂದಿದ್ದು ಕೊನೆಗಾದ್ರೂ ಸಿಕ್ತಾ?"

ದೊರೆ ನೀರಲ್ಲ

ಹತ್ತೋ ಕಷ್ಟಕ್ಕೆ ಅವನ ದೇಶದಲ್ಲಿ ಒಂದು ಉಪಾಯ ಮಾಡಿದ್ದರಂತೆ. ಹಿಂದಿನ ರಜೆಗೆ ಹೋದಾಗ ಅವನೇ ಕಂಡದ್ದು. ಹರಿಯೋ ನೀರಿಗೆ ಒಂದು ಚಕ್ರ, ಆ ಚಕ್ರಕ್ಕೊಂದು ಉದ್ದನೆ ಹಗ್ಗ. ಹಗ್ಗ ಗುಡ್ಡದ ಮೇಲಕ್ಕೆ ಹೋಗ್ತಾ ಇರುತ್ತೆ, ಕೆಳಕ್ಕೆ ಬರ್ತಾ ಇರುತ್ತೆ. ಹಲಗೆ ಕಟ್ಟಿಕೊಂಡವರು ಆ ಹಗ್ಗ ಹಿಡಿದು ಸುಮ್ಮನೆ ನಿಂತರೆ ಸಾಕು, ಅದೇ ಎಳೆದುಕೊಂಡು ಹೋಗಿ ಮೇಲೆ ಬಿಡುತ್ತೆ.

"ಇಲ್ಲಿ ಹರಿಯೋ ನೀರಿಲ್ಲ" ಅಂತ ದೊರೆ ಮುಖ ಸಪ್ಪಗೆ ಮಾಡಿದ.

"ನೀರಿಲ್ದಿದ್ರೇನು ದೊರೆ, ನನ್ನ ಎತ್ತು ಇಲ್ವಾ?" ಅಂದ ನಮ್ಮ ಸೋದರಮಾವ.

ಮಾವನ ಬಗ್ಗೆ ಒಂದು ಮಾತು. ದಿಬ್ಬದ ಕೆಳಗೆ ಅವನ ಕಪಿಲೆ ಬಾವಿ. ಕಪಿಲೆ ಅಂದರೆ ಇಷ್ಟೇ: ಹಗ್ಗದ ಒಂದು ತುದಿಗೆ ಚರ್ಮದ ಬಾನಿ, ಇನ್ನೊಂದು ತುದಿಗೆ ಜೋಡಿ ಎತ್ತು, ನಡುವೆ ಬಾವಿಯ ಬಾಯಿಗೆ ರಾಟೆ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾನಿ ಮೇಲೆ ಬಂದು ನೀರು ಸುರಿಯುತ್ತೆ, ಎತ್ತುಗಳು ಹಿಂದಕ್ಕೇ ಹೆಜ್ಜೆ ಇಡ್ತಾ ಬಂದರೆ ಬಾನಿ ಬಾವಿಗಿಳಿಯುತ್ತೆ. ಮಾವನ ಎತ್ತುಗಳು ಚಳ್ಳಕೆರೆ ಹುಲ್ಲುಗಾವಲಿನ ಕಡೆ ತಳಿ. ಅವನ್ನ ಹೊಗಳೋಕೆ ಶುರು ಮಾಡಿದರೆ ಮಾವನಿಗೆ ಊಟ ಬೇಡ, ನೀರು ಬೇಡ. ಅವು ಕೋಲಿಗೆ ನಡೆಯಲ್ಲ, ಹಾಡಿಗೆ ನಡೀತಾವೆ. ಹಾಡು ನಮ್ಮವ್ವ ಕಲಿಸಿದ್ದು. ಮಾವನಿಗೆ ಅವಳು ಅಕ್ಕ. ಮದುವೆಗೆ ಮುಂಚೆ ತವರಿನ ಬಾವೀಲಿ ಕಪಿಲೆ ಹೊಡೆದವಳು. ಈಗ ಮಂಡಿ ನೋವು. ದಿನಾ ಬಾವಿಕಟ್ಟೆ ಮೇಲೆ ಕೂತು ಎತ್ತುಗಳಿಗೆ ಹಿಂಡಿ ತಿನ್ನಿಸ್ತಾ, ತಮ್ಮ ರಾಗ ತಪ್ಪಿದರೆ ಅಲ್ಲಿಂದಲೇ ಉಗಿಯೋಳು.

ಸರಿ, ಗುಡಿ ಪಕ್ಕದ ಬೇವಿನ ಬೊಡ್ಡೆಗೆ ರಾಟೆ ಕಟ್ಟಿದ್ದಾಯ್ತು. ಬಾವಿ ಹಗ್ಗಕ್ಕೆ ಡೇರೆ ಹಗ್ಗ ಸೇರಿಸಿದ್ದಾಯ್ತು. ದಿಬ್ಬದ ಆಚೆ ಮಗ್ಗುಲಲ್ಲಿ ಎತ್ತು, ಈಚೆ ಮಗ್ಗುಲಿನ ಬುಡದಲ್ಲಿ ಹಗ್ಗದ ತುದಿಗೆ ಕಟ್ಟಿದ ಹಿಡಿಗೋಲು ಹಿಡಿದು ಹಲಗೆ ಮೇಲೆ ನಿಂತ ದೊರೆ. ಆಚೆ ಎತ್ತು ಇಳಿದರೆ ಈಚೆ ದೊರೆ ಏರಬೇಕು.

ಮಾವ ಗಂಟಲು ಸರಿಮಾಡಿಕೊಂಡು ಎತ್ತಿದ:

"ನೀನಿಳಿಯೊ ಬಸವಣ್ಣ, ನೀರೇರಿ ಬರತೈತೆ,
ಸಾಲ ಜೋಳದ ತೆನೆಯು ನಗತೈತೆ..."

ಏರಿದ! ನಮ್ಮಪ್ಪನಾಣೆ ಏರಿದ! ದೊರೆ ಹುಲ್ಲ ಮೇಲೆ ಜಾರ್ತಾ ಮೇಲಕ್ಕೆ ಬರೋಕೆ ಶುರುವಾದ. ಇಳಿಯೋದಕ್ಕಿಂತ ಇದೇ ದೊಡ್ಡ ಸೋಜಿಗ. ಜಾರಿದರೆ ಕೆಳಕ್ಕೆ ಹೋಗೋದು ಲೋಕದ ರೂಢಿ, ಇವನು ಮೇಲಕ್ಕೆ ಜಾರ್ತಾ ಇದ್ದಾನೆ! ಮುದುಕರು ಕೈ ಮುಗಿದರು. ದೊರೆ "ಚಾಲಾ ಬಾಗುಂದಿ! ಬಹಳ ಚೆನ್ನಾಗೈತೆ!" ಅಂತ ಕೂಗ್ತಾ ಬಂದ.

ಅರ್ಧ ದಿಬ್ಬ ಬಂದ. ಮಾವನ ಹಾಡು ಮುಗೀತು. ಎತ್ತು ನಿಂತವು. ಆಮೇಲೆ ದಿನಾ ಮಾಡೋ ಹಾಗೆ ಮರ್ಯಾದೆಯಾಗಿ ಹಿಂದಕ್ಕೆ ಹೆಜ್ಜೆ ಇಟ್ಟವು.

ದೊರೆಯೂ ಹಿಂದಕ್ಕೆ ಹೊರಟ. ಬೆನ್ನು ಮುಂದೆ ಮಾಡಿಕೊಂಡು ಇಳಿದು ಇಳಿದು ನಮ್ಮ ಹುಲ್ಲಿನ ಬಣವೆ ಒಳಕ್ಕೆ ಹೋಗಿ ಕಾಣದಾದ. ನಾನು ಓಡಿಹೋಗಿ ಕಾಲು ಹಿಡಿದು ಎಳೆದೆ. ತಲೆ ತುಂಬ ಹುಲ್ಲು ಇಟ್ಟುಕೊಂಡು ಹೊರಗೆ ಬಂದು, "ಯಾಕೆ ನಿಂತವು?" ಅಂದ. ನಾನು ದಿಬ್ಬದ ಮೇಲಿದ್ದ ಮಾವನಿಗೆ ಕೂಗಿ ಕೇಳಿದೆ.

"ಹಾಡು ಮುಗೀತಲ್ಲ! ಬಾನಿ ಮೇಲೆ ಬಂತು, ನೀರು ಸುರೀತು ಅಂದ್ಕೊಂಡ್ವು!" ಅಂದ ಮಾವ.

"ನಾನು ನೀರಲ್ಲ!" ಅಂತ ದೊರೆ ಗುಡುಗಿದ.

"ನನಗೆ ಗೊತ್ತು ದೊರೆ," ಅಂದ ಮಾವ ಸಮಾಧಾನವಾಗಿ. "ಅವಕ್ಕೆ ಹೇಳ್ರಿ."

ಗೌಡರ ಮೀಸೆ

ಎತ್ತಿಗೆ ಹೊಡೆಯೋ ಮಾತೇ ಇಲ್ಲ. ಹೊಡೆದರೆ ಮಾವ ನಮ್ಮನ್ನ ಹೊಡೀತಿದ್ದ. ಇನ್ನೇನು ದಾರಿ? ಹಾಡನ್ನೇ ಉದ್ದ ಮಾಡಬೇಕು. ಬಾವಿಯ ಆಳಕ್ಕೆ ಕಟ್ಟಿದ ಹಾಡು ದಿಬ್ಬದ ಉದ್ದಕ್ಕೆ ಎಲ್ಲಿ ಸಾಲುತ್ತೆ?

ಮಾರನೆ ದಿನ ಮಾವ ಹಾಡಿಗೆ ಹೊಸ ನುಡಿ ಸೇರಿಸಿದ. ಮಳೆರಾಯನನ್ನ ಹಾಡಿದ, ನೇಗಿಲನ್ನ ಹಾಡಿದ, ಮೊಳಕಾಲ್ಮೂರಿನ ಸೀರೆ ಸೆರಗನ್ನ ಹಾಡಿದ. ದೊರೆ ಮುಕ್ಕಾಲು ದಿಬ್ಬ ಏರಿದ. ಮಾವನ ಹತ್ತಿರ ಸರಕು ಮುಗೀತು. ನಿಲ್ಲಿಸೋ ಹಾಗಿಲ್ಲ, ನಿಲ್ಲಿಸಿದರೆ ದೊರೆ ಮತ್ತೆ ಬಣವೆಗೆ. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನ ಹಾಡಿಬಿಟ್ಟ:

"ಗೌಡರ ಅಟ್ಟದಲಿ ತುಪ್ಪದ ಗಡಿಗ್ಯಣ್ಣ,
ಬೆಕ್ಕು ತಿಂತಂದ್ರೆ ಮನೆಯಾಗ ಬೆಕ್ಕಿಲ್ಲ..."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರ ಮನೆಯಲ್ಲಿ ತುಪ್ಪ ಕಾಣೆಯಾಗಿ ಸೊಸೆಯ ಮೇಲೆ ಗುಮಾನಿ ಬಂದು ದೊಡ್ಡ ರಂಪ ಆಗಿತ್ತು. ಮಾವ ಕಣ್ಣು ಮುಚ್ಚಿ ಮುಂದುವರಿಸಿದ:

"...ಗೌಡರ ಮೀಸೆ ಮಿರಮಿರ!"

"ಲೇ, ನಿಲ್ಲಿಸೋ!" ಅಂತ ಗೌಡರು ಮೀಸೆ ಮುಚ್ಚಿಕೊಂಡು ಅಬ್ಬರಿಸಿದರು.

ಹೆಂಗಸರ ಗುಂಪಿನಿಂದ ಗೌಡ್ತಿ ಸೆರಗು ಬಿಗಿದುಕೊಂಡು ಎದ್ದರು.

"ನಿಲ್ಲಿಸ್ಬ್ಯಾಡಪ್ಪೋ! ದೊರೆ ಬಿದ್ದಾರು. ಮುಂದಕ್ಕೆ ಹೇಳು, ಬೆಲ್ಲದ ಡಬ್ಬೀದೂ ಹೇಳು!"

ಪೂಜಾರಪ್ಪನ ಶಾಸ್ತ್ರ

ಇಲ್ಲಿಗೆ ನಗು ಸಾಕು, ಒಂದು ಗಟ್ಟಿ ಮಾತಿದೆ.

ನಾನು ಎಳೆಮಗುವಾಗಿದ್ದಾಗ ಜ್ವರ ಬಂದು ಕಣ್ಣು ಮೇಲೆ ಸಿಕ್ಕಿಸಿಕೊಂಡಿದ್ದೆನಂತೆ. ಎಲ್ಲರೂ ಕೈಬಿಟ್ಟಿದ್ದರು. ಅವ್ವ ದಿಬ್ಬದ ಕಡೆ ತಿರುಗಿ, "ತಾಯಿ, ಇವನ್ನ ಉಳಿಸ್ಕೊಡು. ಯಾರ ಹೆಗಲೂ ಏರದೆ, ಯಾರ ಕೈನೂ ಹಿಡೀದೆ, ನನ್ನ ಕಾಲ ಮೇಲೆ ನಿಂತು ನಿನ್ನ ಬಾಗಿಲಿಗೆ ಬರ್ತೀನಿ" ಅಂತ ಹರಕೆ ಹೊತ್ತಳು. ನಾನು ಉಳಿದೆ. ಆದರೆ ಇವತ್ತು ನಾಳೆ ಅನ್ನೋದರೊಳಗೆ ಅಪ್ಪ ತೀರಿಕೊಂಡ, ಮನೆಯ ಭಾರವೆಲ್ಲ ಅವಳ ಮೇಲೆ ಬಿತ್ತು, ಅದು ಇಳಿಯೋ ಹೊತ್ತಿಗೆ ಮಂಡಿ ಹೋಯ್ತು. ವರ್ಷವರ್ಷ ಪ್ರಯತ್ನ ಮಾಡೋಳು. ಮೊದಲ ಬಂಡೆ ಹತ್ತಿರ ಕೂತುಬಿಡೋಳು. ಅಲ್ಲಿಂದಲೇ ಗುಡಿ ನೋಡಿ ಕಣ್ಣೊರೆಸಿಕೊಂಡು ವಾಪಸ್ಸು ಬರೋಳು. ನನಗೆ ಒಂದು ಸೀನು ಬಂದರೂ ಸಾಕು, "ದಿಬ್ಬದಮ್ಮ ಹರಕೆ ಜ್ಞಾಪಿಸ್ತಾ ಅವ್ಳೆ" ಅಂತ ರಾತ್ರಿಯೆಲ್ಲ ನಿದ್ದೆ ಮಾಡೋಳಲ್ಲ. ಗಾಡಿ ಕಟ್ಟಿ ಕರ್ಕೊಂಡು ಹೋಗ್ತೀನಿ ಅಂದರೆ, "ಗಾಡೀಲಿ ಹೋದ್ರೆ ಗಾಡಿ ಬಂದಂಗೆ, ನಾನು ಬಂದಂಗಲ್ಲ" ಅನ್ನೋಳು.

ಈಗ ದೊರೆ ಹಲಗೆ ಮೇಲೆ ನಿಂತು ಗುಡಿ ಮುಂದಕ್ಕೆ ಹೋಗಿ ಇಳಿಯೋದನ್ನ ಅವ್ವ ಬಾವಿಕಟ್ಟೆ ಮೇಲಿಂದ ದಿನಾ ನೋಡ್ತಾ ಇದ್ದಳು. ಒಂದು ದಿನ ಮೆಲ್ಲಗೆ ಕೇಳಿದಳು: "ಮಗಾ, ಅವನು ನಿಂತೇ ಹೋಗ್ತಾನಲ್ವಾ?"

ಅವಳ ಆಸೆ ಅರ್ಥವಾಯ್ತು. ದೊರೆ ಇನ್ನು ಕೆಲವೇ ದಿನದಲ್ಲಿ ರಾಂಪುರದ ಕಡೆ ಡೇರೆ ಎತ್ತೋನಿದ್ದ. ಹಲಗೆಯೂ ಅವನ ಜೊತೆಗೆ ಹೋಗುತ್ತೆ.

ಹಲಗೆ ಮೇಲೆ ಹೋದರೆ ಹರಕೆ ತೀರುತ್ತಾ ಅಂತ ಗುಡಿಯ ಪೂಜಾರಪ್ಪನ ಮುಂದೆ ಪಂಚಾಯ್ತಿ ಸೇರಿತು. "ಎತ್ತು ಎಳೆದ ಮೇಲೆ ಅದೂ ಗಾಡಿನೇ" ಅಂದರು ಗೌಡರು. ಮೀಸೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಪೂಜಾರಪ್ಪ ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿದ. "ಗಾಡಿಗೆ ಚಕ್ರ ಐತೆ. ಇದಕ್ಕಿಲ್ಲ. ಇದು ಕಾಲಿಗೆ ಕಟ್ಟೋದು. ಕಾಲಿಗೆ ಕಟ್ಟೋದು ಅಂದ್ರೆ ಚಪ್ಪಲಿ. ಸ್ವಲ್ಪ ಉದ್ದ, ಅಷ್ಟೇ. ಬಾಗಿಲ ಮುಂದೆ ಬಿಚ್ಚಿದ್ರೆ ಆಯ್ತು. ಆದ್ರೂ ಶಾಸ್ತ್ರಕ್ಕೆ ಕುಂದು ಬರಬಾರದು. ಅಮ್ಮನಿಗೆ ಒಪ್ಪಿಗೆನೋ ಇಲ್ವೋ ಅಂತ ಮೊದ್ಲು ನಾನು ಹತ್ತಿ ನೋಡ್ತೀನಿ" ಅಂದ.

ಒಂದು ಕೈಲಿ ಹಿಡಿಗೋಲು, ಇನ್ನೊಂದು ಕೈಲಿ ತುಂಬಿದ ಚೆಂಬು ಹಿಡಿದು ಹಲಗೆ ಮೇಲೆ ಪೂಜಾರಪ್ಪ ಏರಿದ. ಮೂವತ್ತು ವರ್ಷದಿಂದ ದಿನಾ ಆ ದಿಬ್ಬ ಕಾಲ್ನಡಿಗೆಯಲ್ಲಿ ಹತ್ತಿದ ಜೀವ. ಮೇಲೆ ಹೋಗಿ ಗಂಟೆ ಹೊಡೆದ. ಮುಖ ಅರಳಿತ್ತು. ನಡೆದು ಇಳಿದು ಬಂದು, "ಇನ್ನೂ ಸ್ಪಷ್ಟ ಆಗ್ಲಿಲ್ಲ" ಅಂದ. ಮತ್ತೆ ಏರಿದ. ಮತ್ತೆ ಸ್ಪಷ್ಟ ಆಗಲಿಲ್ಲ. ಮಾವನ ಗಂಟಲು ಕಟ್ಟಿ ಎತ್ತುಗಳ ಬಾಯಲ್ಲಿ ನೊರೆ ಬಂದು ಹೊತ್ತು ಮುಳುಗಿದ ಮೇಲೆ ಕೊನೆಗೂ ಅಮ್ಮನ ಒಪ್ಪಿಗೆ ಸಿಕ್ಕಿತು.

ಅವ್ವ ಏರಿದ್ದು

ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಕಚ್ಚೆ ಬಿಗಿದು ಸೀರೆ ಉಟ್ಟು ಬಂದಳು. ಅವಳ ಹಳೇ ಸೀರೆಯ ಅಂಚಿನಿಂದಲೇ ದೊರೆ ಅವಳ ಪಾದ ಹಲಗೆಗೆ ಕಟ್ಟಿದ. ದೊರೆ ಆಕೆಯ ಕಾಲ ಹತ್ತಿರ ಕೂತದ್ದನ್ನ ಕಂಡು ಊರೆಲ್ಲ ಕತ್ತು ಚಾಚಿ ನೋಡಿತು. ಹಿಡಿಗೋಲು ಅವಳ ಕೈಗೆ ಕೊಟ್ಟೆವು. ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಒಂದು ಬೆರಳು ತಾಗಿದರೂ ಹರಕೆ ಕೆಟ್ಟಂತೆ. ನಾನು ಪಕ್ಕದಲ್ಲಿ ಎರಡು ಕೈಯನ್ನೂ ಚಾಚಿಕೊಂಡು, ಮುಟ್ಟದೆ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡ್ತಾ ಹೊರಟೆ.

ಮಾವನ ಹಾಡು ದಿಬ್ಬದ ಮೇಲಿಂದ ತೇಲಿ ಬಂತು. ಹಗ್ಗ ಬಿಗಿಯಾಯ್ತು. ಅವ್ವ ಅಲುಗಿದಳು.

ಏನಂತ ಹೇಳಲಿ! ಹಿತ್ತಲಿಗೆ ಹೋಗೋಕೂ ಗೋಡೆ ಹಿಡಿಯೋಳು, ಬೆನ್ನು ನೆಟ್ಟಗೆ ಮಾಡಿ ನಿಂತು, ಹುಲ್ಲ ಮೇಲೆ ತೇಲ್ತಾ ಹೊರಟಳು. ಅವಳು ವರ್ಷವರ್ಷ ಕೂತು ಅಳ್ತಿದ್ದ ಬಂಡೆ ಬಂತು, ಪಕ್ಕಕ್ಕೆ ಸರೀತು, ಹಿಂದೆ ಉಳೀತು. ಅವ್ವ ಅದರ ಕಡೆ ತಿರುಗಿ ಕೂಡ ನೋಡಲಿಲ್ಲ. ನನ್ನ ಕಣ್ಣು ಮಂಜಾಯ್ತು. ಇಷ್ಟೆಲ್ಲ ನನ್ನೊಬ್ಬನ ಜೀವಕ್ಕೆ ಅಲ್ವೇ ಅನ್ನಿಸಿತು.

ಗುಡಿಗೆ ಇನ್ನು ಹತ್ತಾರು ಮಾರು ಇತ್ತು. ಬೇವಿನ ಮರದ ಹತ್ತಿರ ನಿಂತಿದ್ದ ಮಾವ ಹಾಡ್ತಾ ಹಾಡ್ತಾ ಇತ್ತ ತಿರುಗಿದ. ಅಕ್ಕ ತನ್ನ ಕಾಲ ಮೇಲೆ ನಿಂತು ಬರೋದು ಕಣ್ಣಿಗೆ ಬಿತ್ತು. ಅಷ್ಟೇ. ದನಿ ನಡುಗಿತು, ಒಡೀತು, ಹಾಡು ನಿಂತೇಹೋಯ್ತು. ಅಷ್ಟು ದೊಡ್ಡ ಗಂಡಸು ಟವೆಲ್ಲು ಬಾಯಿಗಿಟ್ಟುಕೊಂಡು ಗೊಳೋ ಅಂತ ಅಳೋಕೆ ಶುರು ಮಾಡಿದ.

ಆಚೆ ಎತ್ತು ನಿಂತವು. ಹಗ್ಗ ಸಡಿಲವಾಯ್ತು. ಅವ್ವ ಒಂದು ಗೇಣು ಹಿಂದಕ್ಕೆ ಜಾರಿದಳು.

"ಮಾವ, ಹಾಡೋ!" ಅಂತ ಅರಚಿದೆ. ದೊರೆ ಟೋಪಿ ಕಿತ್ತು ಅವನದೇ ಭಾಷೆಯಲ್ಲಿ ಏನೋ ಹಾಡೋಕೆ ಹೋದ. ಎತ್ತುಗಳು ಕಿವಿ ಒದರಿದವು. ಪೂಜಾರಪ್ಪ ಮಂತ್ರ ಎತ್ತಿದ, ಅದಕ್ಕೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೇ ಬಂದವು. ಅವ್ವ ಮತ್ತೊಂದು ಗೇಣು ಜಾರಿದಳು. ನನ್ನ ಕೈ ಅವಳ ಬೆನ್ನಿಗೆ ಇನ್ನೇನು ತಾಗಬೇಕು.

"ಮುಟ್ಟಬ್ಯಾಡ!" ಅಂದಳು. ಆಮೇಲೆ ತಲೆಯೆತ್ತಿ, ತವರಿನ ಬಾವಿಕಟ್ಟೆಯ ಅದೇ ರಾಗದಲ್ಲಿ, ಇಡೀ ದಿಬ್ಬಕ್ಕೆ ಕೇಳೋ ಹಾಗೆ ಎತ್ತಿದಳು:

"ಅಕ್ಕನ ಕಂಡರೆ ಅಳತಾನೆ ನನ ತಮ್ಮ,
ಬೆಲ್ಲ ಕದ್ದೋನು ಅವ ಕಾಣೊ, ಆ ದಿನ
ಬೆನ್ನಿಗೆ ಬಿದ್ದೇಟು ನನದು ಕಾಣೊ!"

ಎತ್ತುಗಳ ಕಿವಿ ನೆಟ್ಟಗಾದವು. ದಿನಾ ಹಿಂಡಿ ತಿನ್ನಿಸೋ ದನಿ ಗೊತ್ತಿಲ್ವೇ ಅವಕ್ಕೆ? ಮುಂದಕ್ಕೆ ಹೆಜ್ಜೆ ಇಟ್ಟವು. ಹಗ್ಗ ಬಿಗಿಯಾಯ್ತು. ಮಾವ ಅಳ್ತಾ ಅಳ್ತಾನೇ ನಗೋಕೆ ಶುರು ಮಾಡಿದ. ಅವ್ವ ತಮ್ಮನ ಬಾಲ್ಯದ ಕಳ್ಳತನವನ್ನೆಲ್ಲ ಒಂದೊಂದಾಗಿ ಹಾಡ್ತಾ, ತನ್ನನ್ನ ತಾನೇ ಹಾಡಿನಿಂದ ಎಳೆದುಕೊಂಡು, ದಿಬ್ಬದಮ್ಮನ ಬಾಗಿಲಿಗೆ ಬಂದು ನಿಂತಳು.

ಹಲಗೆ ಬಿಚ್ಚಿದೆವು. ಹೊಸ್ತಿಲ ಮುಂದೆ ತನ್ನ ಎರಡು ಕಾಲ ಮೇಲೆ ನಿಂತು, "ಬಂದೆ ಕಣೇ ತಾಯಿ. ಸ್ವಲ್ಪ ತಡ ಆಯ್ತು" ಅಂದಳು. ಗೌಡರೂ ಕಣ್ಣೊರೆಸಿಕೊಂಡರು. ದೊರೆ ಟೋಪಿ ಎದೆಗೆ ಒತ್ತಿಕೊಂಡು ನಿಂತಿದ್ದ. ಅವನ ಹಿಮದ ದೇಶದಲ್ಲೂ ಇಂಥದ್ದು ಕಂಡಿರಲಿಕ್ಕಿಲ್ಲ.

ಇಳಿಯೋದಕ್ಕೆ ಹರಕೆಯ ಅಡ್ಡಿ ಇರಲಿಲ್ಲ. ನನ್ನ ಬೆನ್ನ ಮೇಲೆ ಹೊತ್ತು ತಂದೆ. ದಾರಿಯುದ್ದಕ್ಕೂ ಅವ್ವ ಮಾತಾಡಲಿಲ್ಲ. ಪಾಪ, ಇಷ್ಟು ವರ್ಷದ ಭಾರ ಇಳೀತು, ಮನಸ್ಸು ತುಂಬಿ ಬಂದೈತೆ ಅಂದುಕೊಂಡೆ. ಮೊದಲ ಬಂಡೆ ಹತ್ತಿರ ಬಂದಾಗ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು:

"ಮಗಾ, ದೊರೆ ಹೊರಡೋದು ಯಾವಾಗ?"

"ನಾಳಿದ್ದು ಕಣವ್ವ. ಯಾಕೆ?"

ನನ್ನ ಕತ್ತಿಗೆ ಕೈ ಬಿಗಿಮಾಡಿಕೊಂಡು ಅಂದಳು:

"ಆಗ ನಿನಗೆ ಜ್ವರದ ಜೊತೆಗೆ ಕೆಮ್ಮೂ ಇತ್ತು ಕಣೋ. ಅದಕ್ಕೆ ಬೇರೇನೇ ಒಂದು ಹರಕೆ ಹೊತ್ತಿದ್ದೆ ಅನ್ಸ್ತೈತೆ."